ಹುಡುಗ, ಹುಡುಗಿ, ಹಸು: ಓಸ್ಲೋದಲ್ಲಿ ಆರು ದಿನ

ನಾರ್ವೆಗೆ ಹೋಗಿ ಬಂದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು, ನೋಡಿದ್ರಾ? ಆಕಾಶದಲ್ಲಿ ಹಸಿರು ಬೆಳಕು ಕಾಣಿಸ್ತಾ? ಎರಡಕ್ಕೂ ನನ್ನ ಉತ್ತರ ಇಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಸರಿಯಾಗಿ ಕತ್ತಲೆಯೇ ಆಗುವುದಿಲ್ಲ, ಇನ್ನು ಹಸಿರು ಬೆಳಕು ಎಲ್ಲಿಂದ ಬರಬೇಕು? ನಾವು ಹೋಗಿದ್ದು ತಮ್ಮನ ಮನೆಗೆ. ಅದರ ಜೊತೆಗೆ ನನ್ನದೊಂದು ಗುಟ್ಟಿನ ಕೆಲಸವೂ ಇತ್ತು. ಒಬ್ಬ ಟೀಚರಮ್ಮನನ್ನು ಹುಡುಕಬೇಕಿತ್ತು. ಅವರು ತೀರಿಕೊಂಡು 20 ವರ್ಷದ ಮೇಲಾಗಿದೆ.

ಅವರ ಹೆಸರು ಕಾರಿ ಶೋನ್ಸ್‌ಬರ್ಗ್. ಹುಟ್ಟಿದ್ದು 1926, ತೀರಿಕೊಂಡಿದ್ದು 2003. ಓಸ್ಲೋದಲ್ಲಿ ಲೈಬ್ರರಿಯನ್‌ಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಮಕ್ಕಳ ಪುಸ್ತಕಗಳಲ್ಲಿ ಹುಡುಗ ಏನು ಮಾಡುತ್ತಾನೆ, ಹುಡುಗಿ ಏನು ಮಾಡುತ್ತಾಳೆ, ಕಥೆಯ ಮನೆ ಬಡವರದ್ದೋ ಉಳ್ಳವರದ್ದೋ ಎಂದು 1970ರ ದಶಕದಲ್ಲೇ ಕೂತು ನೋಡಿದವರು. ಅದೇ ದಶಕದಲ್ಲಿ ನಾರ್ವೆಯ ಮಹಿಳಾ ಹಕ್ಕುಗಳ ಸಂಘಕ್ಕೆ ಅಧ್ಯಕ್ಷೆಯೂ ಆಗಿದ್ದರು. ನಾನು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಜೊತೆಗೆ ಶಾಲೆಯ ಲೈಬ್ರರಿ ಬೀಗದ ಕೈಯೂ ನನ್ನ ಹತ್ತಿರವೇ ಇದೆ. ಒಂದು ತರಬೇತಿಯಲ್ಲಿ ಯಾರೋ ಇವರ ಹೆಸರು ಹೇಳಿದ್ದರು, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೆ. ತಮ್ಮ "ಅಕ್ಕಾ, ಬಾರೇ ಒಂದ್ಸಲ" ಅಂತ ನಾಲ್ಕು ವರ್ಷದಿಂದ ಕರೆಯುತ್ತಿದ್ದ. ಈ ಸಲ ಎರಡೂ ಕೂಡಿ ಬಂತು.

ನನ್ನ ಮಗಳು ಪುಟ್ಟಿಗೆ 11 ವರ್ಷ. ಇದನ್ನೆಲ್ಲ ಅವಳಿಗೆ ವಿವರಿಸುವುದು ಕಷ್ಟ ಅನ್ನಿಸಿ, "ಕಥೆ ಪುಸ್ತಕದಲ್ಲಿ ಎಷ್ಟು ಹುಡುಗರು, ಎಷ್ಟು ಹುಡುಗಿಯರು ಅಂತ ಎಣಿಸಿದವರು" ಎಂದು ಸುಲಭ ಮಾಡಿ ಹೇಳಿಬಿಟ್ಟೆ. ಅಲ್ಲೇ ಆಗಿದ್ದು ಎಡವಟ್ಟು. ವಿಮಾನದಲ್ಲೇ ಅವಳು ಒಂದು ಪುಟ್ಟ ನೋಟ್‌ಬುಕ್ ತೆಗೆದು, ನಡುವೆ ಗೆರೆ ಎಳೆದು, ಎಡಕ್ಕೆ 'ಹುಡುಗ', ಬಲಕ್ಕೆ 'ಹುಡುಗಿ' ಅಂತ ಬರೆದಳು. ಆರು ದಿನ ಆ ನೋಟ್‌ಬುಕ್ ನಮ್ಮ ಜೊತೆಗೇ ತಿರುಗಿತು.

ಜೂನ್ 7, ಶನಿವಾರ: ಅವಲಕ್ಕಿ ಉಳಿಸಿದ ಮಾನ

ಓಸ್ಲೋ ತಲುಪಿದಾಗ ಸಂಜೆ ಆರು ಗಂಟೆ. ಬಿಸಿಲು ನೋಡಿದರೆ ನಮ್ಮಲ್ಲಿ ಮಧ್ಯಾಹ್ನ ಮೂರು ಗಂಟೆಯ ಹಾಗೆ. ತಮ್ಮನ ಮನೆ ಊರಿನ ಪೂರ್ವಕ್ಕೆ, ಒಪ್ಸಾಲ್ ಅನ್ನುವ ಬಡಾವಣೆಯಲ್ಲಿ. ಸ್ಟೇಷನ್ನಿಗೆ ಬಂದವನು ಮೊದಲು ಹೇಳಿದ್ದೇ, "ಅಕ್ಕಾ, ಒಂದು ತಪ್ಪಾಗಿದೆ."

ಭಾನುವಾರ ಇಲ್ಲಿ ಅಂಗಡಿ ಮುಚ್ಚುತ್ತವೆ ಅನ್ನೋದು ನನಗೆ ಗೊತ್ತಿತ್ತು. ಈ ಭಾನುವಾರ ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬ, ಸೋಮವಾರವೂ ಸರ್ಕಾರಿ ರಜೆ, ಹಬ್ಬದ ಹಿಂದಿನ ದಿನವಾದ ಇವತ್ತು ಅಂಗಡಿಗಳು ಮಧ್ಯಾಹ್ನ ನಾಲ್ಕಕ್ಕೇ ಬಾಗಿಲು ಹಾಕುತ್ತವೆ ಅನ್ನೋದು ನನಗೂ ಗೊತ್ತಿರಲಿಲ್ಲ, ಇವನಿಗೂ ನೆನಪಿರಲಿಲ್ಲ. ನಾಲ್ಕು ವರ್ಷದಿಂದ ಅಲ್ಲೇ ಇರುವವನು! ಮೇ, ಜೂನ್‌ನಲ್ಲಿ ನಾರ್ವೆಗೆ ಹೋಗುವವರು ಟಿಕೆಟ್ ಮಾಡಿಸುವ ಮೊದಲು ಅಲ್ಲಿಯ ಕ್ಯಾಲೆಂಡರ್ ಒಮ್ಮೆ ನೋಡಿ. ಗುರುವಾರ, ಸೋಮವಾರಗಳಲ್ಲಿ ಹೀಗೆ ರಜೆಗಳು ಅಡಗಿ ಕೂತಿರುತ್ತವೆ. ನನ್ನ ಸೋಮವಾರದ ಲೈಬ್ರರಿ ಪ್ಲ್ಯಾನ್ ಅಲ್ಲಿಗೆ ಮುಗಿಯಿತು.

ಫ್ರಿಜ್‌ನಲ್ಲಿ ಹಾಲು, ಬ್ರೆಡ್ಡು, ಒಂದು ಕಂದು ಗಟ್ಟಿ ಇಷ್ಟೇ ಇದ್ದದ್ದು. ನಾನು ಸೂಟ್‌ಕೇಸ್ ತೆರೆದು ಎರಡು ಕೇಜಿ ಅವಲಕ್ಕಿ, ಹುಣಸೆಹಣ್ಣಿನ ಗೊಜ್ಜು, ಚಟ್ನಿಪುಡಿ ಹೊರಗಿಟ್ಟೆ. ತಮ್ಮನ ಹೆಂಡತಿಗೆ ನನ್ನ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದನ್ನು ಮದುವೆಯಲ್ಲೂ ನೋಡಿರಲಿಲ್ಲ.

ಆ ಕಂದು ಗಟ್ಟಿ ಅಂದರೆ ಬ್ರೂನೋಸ್ಟ್. ಕಂದು ಚೀಸ್ ಅಂತ ಅರ್ಥ. ಹಾಲು ಒಡೆಸಿದ ಮೇಲೆ ಉಳಿಯುವ ನೀರನ್ನು ಗಂಟೆಗಟ್ಟಲೆ ಕುದಿಸಿ, ಬತ್ತಿಸಿ ಮಾಡುವುದು. ನೋಡೋಕೆ ಸೋಪಿನ ಹಾಗೆ, ತಿಂದರೆ ಸ್ವಲ್ಪ ಉಪ್ಪು ಬಿದ್ದ ಖೋವಾ. ಅದಕ್ಕೇ ಅಂತ ಒಂದು ಸೀಳಿರುವ ಚಪ್ಪಟೆ ಹೆರೆಮಣೆ ಇರುತ್ತದೆ, ಹಾಳೆ ಹಾಳೆಯಾಗಿ ಹೆರೆದು ತಿನ್ನಬೇಕು. ಚಾಕುವಿನಲ್ಲಿ ತುಂಡು ಮಾಡಿದ್ದಕ್ಕೆ ತಮ್ಮ ನನ್ನನ್ನೇ ಬೈದ. 1863ರಲ್ಲಿ ಆನ್ನೆ ಹೂವ್ ಅನ್ನುವ ಒಬ್ಬ ರೈತ ಹೆಂಗಸು ಇದಕ್ಕೆ ಕೆನೆ ಸೇರಿಸಿ ಈಗಿನ ರುಚಿ ತಂದಳಂತೆ. ಪುಟ್ಟಿ ಬಲಗಡೆ ಕಾಲಮ್ಮಿನಲ್ಲಿ ಮೊದಲ ಗೆರೆ ಹಾಕಿದಳು.

ರಾತ್ರಿ ಹನ್ನೊಂದಾದರೂ ಕಿಟಕಿಯಲ್ಲಿ ಬೆಳಕು. ಪುಟ್ಟಿ ಮಲಗಲು ಒಪ್ಪಲೇ ಇಲ್ಲ. "ಇನ್ನೂ ಸಂಜೆ ಕಣಮ್ಮ" ಅನ್ನುತ್ತಿದ್ದಳು. ಕಿಟಕಿಗೆ ದಪ್ಪ ಕಪ್ಪು ಪರದೆ ಇಲ್ಲದ ರೂಮಾದರೆ ಕಣ್ಣಿಗೆ ಕಟ್ಟಿಕೊಳ್ಳಲು ಒಂದು ದುಪಟ್ಟಾ ಇಟ್ಟುಕೊಳ್ಳಿ.

ಜೂನ್ 8, ಭಾನುವಾರ: ಗಾಳಿಗೆ ನಿಂತ ಹೆಂಗಸು

ಬೆಳಗ್ಗೆ ಮೆಟ್ರೋ ಹತ್ತಿ ನ್ಯಾಶನಲ್ ಥಿಯೇಟರ್ ಸ್ಟೇಷನ್ನಿನಲ್ಲಿ ಇಳಿದೆವು. ಟಿಕೆಟ್ ಮೊಬೈಲಿನಲ್ಲೇ ಕೊಂಡೆವು. ಪ್ಲಾಟ್‌ಫಾರ್ಮಿಗೆ ಹೋಗುವಾಗ ನಿಲ್ಲಿಸಿ ಕೇಳುವವರೇ ಇಲ್ಲ. ಹಾಗಂತ ಕೊಳ್ಳದೆ ಹತ್ತಬೇಡಿ, ಚೆಕಿಂಗ್‌ನವರು ಡಬ್ಬಿಯೊಳಗೇ ಬರುತ್ತಾರೆ, ದಂಡ ಕೇಳಿದರೆ ಎದೆ ಒಡೆಯುತ್ತದೆ. ಆಗ ಒಂದು ಕ್ರೋನರ್‌ಗೆ 8 ರೂಪಾಯಿಯ ಮೇಲಿತ್ತು. ಎರಡನೇ ದಿನಕ್ಕೇ ನಾನು ಗುಣಾಕಾರ ಮಾಡೋದು ಬಿಟ್ಟೆ. ಇಲ್ಲದಿದ್ದರೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅರಮನೆಯ ಸುತ್ತ ದೊಡ್ಡ ಪಾರ್ಕು. ಬೇಲಿ ಇಲ್ಲ, ಟಿಕೆಟ್ ಇಲ್ಲ. ಅದರ ಒಂದು ಮಗ್ಗುಲಲ್ಲಿ ಲೇಖಕಿ ಕಮಿಲ್ಲಾ ಕೊಲ್ಲೆಟ್ ನಿಂತಿದ್ದಾಳೆ. ಗುಸ್ತಾವ್ ವಿಗೆಲಾಂಡ್ ಮಾಡಿದ ಮೂರ್ತಿ, 1911ರಲ್ಲಿ ನಿಲ್ಲಿಸಿದ್ದು. ಸಾಮಾನ್ಯವಾಗಿ ದೊಡ್ಡವರ ಮೂರ್ತಿ ಅಂದರೆ ಎದೆ ಸೆಟೆಸಿ, ಕೈಯೆತ್ತಿ ದಾರಿ ತೋರಿಸುವ ಹಾಗಿರುತ್ತದೆ, ಅಲ್ವಾ? ಇವಳು ಹಾಗಿಲ್ಲ. ವಯಸ್ಸಾದ ಹೆಂಗಸು, ಎದುರುಗಾಳಿಗೆ ಶಾಲು ಎಳೆದುಕೊಂಡು ನಿಂತಿದ್ದಾಳೆ. ಅವತ್ತು ಗಾಳಿ ಬೇರೆ ಬೀಸುತ್ತಿತ್ತು. ನಾನೂ ಅದೇ ಭಂಗಿಯಲ್ಲಿ ಶಾಲು ಹಿಡಿದು ನಿಂತಿದ್ದೆ. ತಮ್ಮ ಫೋಟೋ ತೆಗೆದ. ಫೋಟೋದಲ್ಲಿ ಅವಳಿಗಿಂತ ನಾನೇ ಸಿಟ್ಟಾಗಿ ಕಾಣುತ್ತೇನೆ.

ಕಮಿಲ್ಲಾ ಹುಟ್ಟಿದ್ದು 1813ರಲ್ಲಿ. ಒಳ್ಳೆ ಮನೆತನದ ಹೆಣ್ಣುಮಕ್ಕಳು ಮದುವೆಯ ಮಾರುಕಟ್ಟೆಯಲ್ಲಿ ಹೇಗೆ ಸುಮ್ಮನಾಗಿ ಹೋಗುತ್ತಾರೆ ಎಂದು 1854–55ರಲ್ಲಿ ಒಂದು ಕಾದಂಬರಿ ಬರೆದಳು, ಅದೂ ಮೊದಲು ತನ್ನ ಹೆಸರು ಹಾಕದೆ. ಆಮೇಲೆ ಒಂದು ಕಾಲದಲ್ಲಿ ಅವಳ ಮುಖ 100 ಕ್ರೋನರ್ ನೋಟಿನ ಮೇಲೆ ಬಂತು. ಹೆಸರು ಹಾಕದೆ ಬರೆದವಳು ಎಲ್ಲರ ಜೇಬು ಸೇರಿದಳು.

ಅಲ್ಲಿಂದ ನಡೆದೇ 'ವೋರ್ ಫ್ರೆಲ್ಸೆರ್ಸ್' ಸ್ಮಶಾನಕ್ಕೆ ಹೋದೆವು. ಪ್ರವಾಸದಲ್ಲಿ ಸ್ಮಶಾನವಾ ಅಂತ ಪುಟ್ಟಿ ಮುಖ ಸಿಂಡರಿಸಿದಳು. ಆದರೆ ಅದು ಪಾರ್ಕಿನ ಹಾಗೇ ಇದೆ, ಜನ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ನಾಟಕಕಾರ ಇಬ್ಸೆನ್ ಸಮಾಧಿಯ ಕಲ್ಲಿನ ಮೇಲೆ ಒಂದು ಸುತ್ತಿಗೆಯ ಚಿತ್ರ ಮಾತ್ರ ಇದೆ. ಜಾನಪದ ಕಥೆ ಕೂಡಿಹಾಕಿದ ಆಸ್ಬ್ಯೋರ್ನ್‌ಸನ್ ಅಲ್ಲೇ ಇದ್ದಾರೆ, ಚಿತ್ರಕಾರ ಮುಂಕ್ ಅಲ್ಲೇ ಇದ್ದಾರೆ. ನಾನು ಹುಡುಕಿದ್ದು ಗೀನಾ ಕ್ರೋಗ್ ಅವರನ್ನು. 1884ರಲ್ಲಿ ಆ ಮಹಿಳಾ ಹಕ್ಕುಗಳ ಸಂಘವನ್ನು ಹುಟ್ಟುಹಾಕಿದವರಲ್ಲಿ ಮುಂದಿದ್ದವರು. ಹೆಂಗಸರಿಗೆ ವೋಟು ಬೇಕು ಅಂದಾಗ, ಹೊಸದಾಗಿ ಕಟ್ಟಿದ ಸಂಘದಲ್ಲೇ ಕೆಲವರಿಗೆ "ಅಷ್ಟೆಲ್ಲ ಈಗಲೇ ಯಾಕೆ" ಅನ್ನಿಸಿತ್ತು. ಇವರು ಅದಕ್ಕಾಗಿ ಬೇರೆ ಸಂಘವನ್ನೇ ಮಾಡಿದರು. 1916ರಲ್ಲಿ ತೀರಿಕೊಂಡಾಗ ಸರ್ಕಾರದ ಖರ್ಚಿನಲ್ಲಿ ಅಂತ್ಯಸಂಸ್ಕಾರ ಆಯಿತು. ನಾರ್ವೆಯಲ್ಲಿ ಆ ಗೌರವ ಸಿಕ್ಕ ಮೊದಲ ಹೆಂಗಸು ಇವರು.

ಪುಟ್ಟಿ ಗಣ್ಯರ ಸಾಲಿನ ಕಲ್ಲುಗಳನ್ನು ಎಣಿಸೋಕೆ ಶುರು ಮಾಡಿದಳು. ಹತ್ತು ನಿಮಿಷ ಆದ ಮೇಲೆ "ಎಡಗಡೆ ಜಾಗ ಸಾಲ್ತಿಲ್ಲ" ಅಂದಳು.

ಜೂನ್ 9, ಸೋಮವಾರ: ಕೆರೆಗೆ ಹೋದ ಚಪ್ಪಲಿ

ಲೈಬ್ರರಿ ಇಲ್ಲ, ಅಂಗಡಿ ಇಲ್ಲ. ತಮ್ಮ "ಕಾಡಿಗೆ ಹೋಗೋಣ" ಅಂದ. ಓಸ್ಲೋದಲ್ಲಿ ಅದು ಸುಲಭ, ಮೆಟ್ರೋ ಇಳಿದರೆ ಕಾಡು. ಅವನ ಮನೆಯಿಂದ ಎರಡು ಸ್ಟೇಷನ್ ದೂರದಲ್ಲಿ ಬ್ಯೋಲೆರ್ ಅನ್ನುವ ಬಡಾವಣೆ, ಅದರ ಹಿಂದೆಯೇ ಕಾಡು, ಕಾಡಿನಲ್ಲಿ ನ್ಯೋಕ್ಲೆವಾನ್ ಅನ್ನುವ ಕೆರೆ. ನಾವು ನಡೆದೇ ಹೋದೆವು.

ನನಗೆ ಕಾಡಿಗಿಂತ ಬ್ಯೋಲೆರ್ ನೋಡುವ ಆಸೆ ಜಾಸ್ತಿ ಇತ್ತು. ನೋಡೋಕೆ ಏನೂ ಇಲ್ಲ. ಉದ್ದುದ್ದ ಸಾಧಾರಣ ಅಪಾರ್ಟ್‌ಮೆಂಟ್ ಬ್ಲಾಕುಗಳು, ನಡುವೆ ಹುಲ್ಲು, ಬಟ್ಟೆ ಒಣಹಾಕುವ ಕಂಬ, ಮಕ್ಕಳ ಮರಳಿನ ಗುಂಡಿ. ನಮ್ಮ ಹಳೆಯ ಕ್ವಾರ್ಟರ್ಸ್‌ಗಳ ಹಾಗೆ. ಆದರೆ ಇಂಥ ಬ್ಲಾಕುಗಳ ನಡುವೆ ಬದುಕಿದ ಆನ್ನೆ-ಕಾತ್ ವೆಸ್ಟ್ಲಿ 1966ರಲ್ಲಿ ಅವ್ರೋರಾ ಅನ್ನುವ ಹುಡುಗಿಯ ಕಥೆ ಬರೆದರು. ಹುಡುಗಿ ಇರುವುದು ಹೊಸ ಬಡಾವಣೆಯ 'ಝೆಡ್' ಬ್ಲಾಕಿನಲ್ಲಿ. ಅವಳಮ್ಮ ವಕೀಲೆ, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾಳೆ. ಅಪ್ಪ ಮನೆಯಲ್ಲಿದ್ದು ಥೀಸಿಸ್ ಬರೆಯುತ್ತಾ ಅವಳನ್ನೂ, ಸೋಕ್ರಟೀಸ್ ಅನ್ನುವ ಪಾಪುವನ್ನೂ ನೋಡಿಕೊಳ್ಳುತ್ತಾನೆ. ಇಷ್ಟೇ. ಇಷ್ಟಕ್ಕೇ ಆಗ ಊರೆಲ್ಲ ಮಾತಾಯಿತು.

ಇದನ್ನು ಹೇಳುತ್ತಾ ನಡೆಯುವಾಗ ತಮ್ಮ ತಳ್ಳುಗಾಡಿ ತಳ್ಳುತ್ತಿದ್ದ. ಗಾಡಿಯಲ್ಲಿ ಅವನ ಎರಡು ವರ್ಷದ ಮಗ. ಎದುರಿಗೆ ಬಂದ ತಳ್ಳುಗಾಡಿಗಳನ್ನೂ ಪುಟ್ಟಿ ಎಣಿಸಿದಳು. ಏಳರಲ್ಲಿ ನಾಲ್ಕನ್ನು ಗಂಡಸರು ತಳ್ಳುತ್ತಿದ್ದರು. ಅಪ್ಪಂದಿರಿಗೆ ಅಂತಲೇ ಮೀಸಲಿಟ್ಟ ಸಂಬಳದ ರಜೆ ಇಲ್ಲಿ 1993ರಲ್ಲಿ ಶುರುವಾಯಿತು, ಆಗ 4 ವಾರ. ಈಗ 15 ವಾರ. ಅಪ್ಪ ತೆಗೆದುಕೊಳ್ಳದಿದ್ದರೆ ಅಷ್ಟು ರಜೆ ಸಾಮಾನ್ಯವಾಗಿ ಹೋಯಿತು ಅಂತಲೇ ಲೆಕ್ಕ, ಅಮ್ಮನ ಖಾತೆಗೆ ಬರುವುದಿಲ್ಲ. ತಮ್ಮ ಆ ರಜೆ ಹಾಕಿದಾಗ ನಮ್ಮಮ್ಮ ನನಗೆ ಗುಟ್ಟಾಗಿ ಫೋನ್ ಮಾಡಿ, "ಅವನ ಕೆಲಸ ಏನಾದ್ರೂ ಹೋಯ್ತಾ? ನನ್ನ ಹತ್ರ ಮುಚ್ಚಿಡ್ತಿದ್ದಾನಾ?" ಅಂತ ಕೇಳಿದ್ದಳು. ಅವಳ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ.

ಕೆರೆಯ ನೀರು ಕಪ್ಪು ಕಾಫಿಯ ಬಣ್ಣ. ಸುತ್ತ ಮರಗಳ ಸಾಲು. ದಡದ ಬಂಡೆಯ ಮೇಲೆ ಸುಮಾರು ಎಪ್ಪತ್ತರ ಒಬ್ಬ ಹೆಂಗಸು ಥರ್ಮಾಸ್ ಇಟ್ಟುಕೊಂಡು ಕೂತಿದ್ದರು. ನಾರ್ವೆಯವರು ಅಪರಿಚಿತರ ಜೊತೆ ಮಾತಾಡಲ್ಲ ಅಂತ ತಮ್ಮ ಮೊದಲೇ ಎಚ್ಚರಿಸಿದ್ದ. ಬಸ್‌ಸ್ಟಾಪಿನಲ್ಲಿ ಅದು ನಿಜ. ಕಾಡಿನ ದಾರಿಯಲ್ಲಿ ಮಾತ್ರ ಅವರೇ "ಹೈ" ಅನ್ನುತ್ತಾರೆ, ಇದನ್ನು ಯಾರೂ ಹೇಳಿರಲಿಲ್ಲ. ನಾನು ಅವ್ರೋರಾ ಹೆಸರು ಎತ್ತಿದ್ದೇ ತಡ, ಆಕೆ ಪೂರ್ತಿ ನಮ್ಮ ಕಡೆ ತಿರುಗಿ ಕೂತರು. ಚಿಕ್ಕವರಿದ್ದಾಗ ಅಮ್ಮ ಓದಿ ಹೇಳುತ್ತಿದ್ದರಂತೆ. "ಪಕ್ಕದ ಕೋಣೆಯಿಂದ ಅಪ್ಪ ಗೊಣಗುತ್ತಿದ್ದರು, ಅಂಥ ಗಂಡಸು ಎಲ್ಲಿದ್ದಾನೆ ಅಂತ. ಆದರೆ ನಮ್ಮನೆಯಲ್ಲಿ ಭಾನುವಾರದ ವಾಫಲ್ ಮಾಡುತ್ತಿದ್ದದ್ದು ಅವರೇ. ಅದು ಅಡುಗೆ ಅಂತ ಅವರಿಗೆ ಗೊತ್ತೇ ಇರಲಿಲ್ಲ." ಆಕೆ ನಕ್ಕ ನಗುವಿಗೆ ನೀರಿನ ಮೇಲಿದ್ದ ಬಾತುಕೋಳಿ ಹಾರಿತು.

ನಾವು ಮಾತಿನಲ್ಲಿದ್ದಾಗ ಪಾಪು ನನ್ನ ಒಂದು ಚಪ್ಪಲಿ ಎತ್ತಿ ಕೆರೆಗೆ ಎಸೆದ. ಅದು ದೋಣಿಯ ಹಾಗೆ ಹೊರಟಿತು. ತಮ್ಮ ಪ್ಯಾಂಟ್ ಮಡಿಸಿ ಇಳಿದ, ಮೊಣಕಾಲಿನವರೆಗೆ ಹೋಗಿ "ಅಯ್ಯಯ್ಯಪ್ಪಾ" ಅಂತ ಕೂಗಿದ. ಜೂನ್ ಅಂತ ನೀರಿಗೆ ಗೊತ್ತಿರಲಿಲ್ಲ. ಕೊನೆಗೆ ಆ ಅಜ್ಜಿಯೇ ಊರುಗೋಲಿನಿಂದ ಎಳೆದುಕೊಟ್ಟರು. ಒದ್ದೆ ಚಪ್ಪಲಿ ಕೈಯಲ್ಲಿ ಹಿಡಿದು, ಒಂದು ಕಾಲಿಗೆ ಸಾಕ್ಸ್ ಮಾತ್ರ ಹಾಕಿ ಮನೆಗೆ ಬಂದೆ. ನಮ್ಮೂರಲ್ಲಾಗಿದ್ದರೆ ನಾಲ್ಕು ಜನ ನಿಂತು ಕೇಳುತ್ತಿದ್ದರು. ಇಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಜೂನ್ 10, ಮಂಗಳವಾರ: ಹೆಸರೇ ತಪ್ಪು

ಕಡೆಗೂ ಲೈಬ್ರರಿ ತೆರೆಯಿತು. ಸೊಲ್ಲಿ ಪ್ಲಾಸ್ ಅನ್ನುವ ವೃತ್ತದ ಪಕ್ಕ ನಾರ್ವೆಯ ರಾಷ್ಟ್ರೀಯ ಗ್ರಂಥಾಲಯ, ಹಳೆಯ ಗಟ್ಟಿ ಕಟ್ಟಡ. ಬೆಳಗ್ಗೆಯಿಂದ ಜಿಟಿಜಿಟಿ ಮಳೆ, ಮಲೆನಾಡಿನ ಸೋನೆಯ ಹಾಗೆ. ಕೊಡೆ ಹಿಡಿದವರು ನಾವಿಬ್ಬರೇ. ಅಲ್ಲಿಯವರು ಜಾಕೆಟ್ ಟೋಪಿ ಎಳೆದುಕೊಂಡು ನಡೆದುಬಿಡುತ್ತಾರೆ.

ಕೌಂಟರಿನಲ್ಲಿದ್ದ ಹುಡುಗನಿಗೆ ನಾನು ಅಕ್ಷರ ಅಕ್ಷರ ಓದಿ "ಸ್ಕ್‌ಜೋನ್ಸ್‌ಬರ್ಗ್" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಪಕ್ಕದಲ್ಲಿದ್ದವರನ್ನು ಕರೆದ. ಕೊನೆಗೆ ಬರೆದು ತೋರಿಸಿದೆ. "ಓ! ಶೋನ್ಸ್‌ಬರ್ಗ್!" ನಾರ್ವೆಯ ಭಾಷೆಯಲ್ಲಿ ಎಸ್, ಕೆ, ಜೆ ಈ ಮೂರಕ್ಷರ ಸೇರಿದರೆ 'ಶ' ಅಂತೆ. ಮೂರು ವರ್ಷದಿಂದ ಒಬ್ಬರನ್ನು ಮನಸ್ಸಿನಲ್ಲೇ ತಪ್ಪು ಹೆಸರಿನಿಂದ ಕರೆಯುತ್ತಿದ್ದೆ.

ಅದೇ ಕಟ್ಟಡದಲ್ಲಿ ನಾರ್ವೆಯ ಮಕ್ಕಳ ಪುಸ್ತಕಗಳ ಸಂಸ್ಥೆಯೂ ಇದೆ, 1979ರಲ್ಲಿ ಶುರುವಾಗಿದ್ದು. ಮಕ್ಕಳ ಪುಸ್ತಕ ಓದೋದು, ಅದರ ಬಗ್ಗೆ ಬರೆಯೋದು, ಬರೆಯುವವರಿಗೆ ಕಲಿಸೋದು, ಇದಕ್ಕೇ ಒಂದು ಸಂಸ್ಥೆ! ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲ್ಲ. ಹೋಗುವವರು ಮೊದಲೇ ಒಂದು ಮೇಲ್ ಹಾಕಿ ಹೋದರೆ ಒಳ್ಳೆಯದು. ನಾನು ಹಾಕಿದ್ದೆ, ಆದರೆ ಸೋಮವಾರ ಬರ್ತೀನಿ ಅಂತ. ರಜೆ ದಿನ ಬರ್ತೀನಿ ಅಂದ ಇಂಡಿಯಾದವಳು ನಾನೇ ಅಂತ ಅವರು ನೋಡಿದ ಕೂಡಲೇ ಗುರುತು ಹಿಡಿದರು.

ಅಲ್ಲಿ ಸಿಕ್ಕ ಲೈಬ್ರರಿಯನ್ ಐವತ್ತರ ಆಸುಪಾಸಿನ ಹೆಂಗಸು. ಕುತ್ತಿಗೆಗೆ ಕನ್ನಡಕ ನೇತುಹಾಕಿದ್ದರು. ಶೋನ್ಸ್‌ಬರ್ಗ್ ಹೆಸರು ಕೇಳಿ ಮೊದಲು ತಂದಿಟ್ಟಿದ್ದು ಬೇರೆಯವರ ಪುಸ್ತಕ. ಸೋನ್ಯಾ ಹಾಗೆಮಾನ್ ಬರೆದ ನಾರ್ವೆಯ ಮಕ್ಕಳ ಸಾಹಿತ್ಯದ ಇತಿಹಾಸ, ಮೂರು ದಪ್ಪ ಸಂಪುಟ, 1965ರಿಂದ 1974ರವರೆಗೆ ಬಂದದ್ದು. "ಯಾವ ಯಾವ ಪುಸ್ತಕ ಬಂದಿವೆ ಅಂತ ಇವರು ಜೋಡಿಸಿಟ್ಟರು. ಆ ಪುಸ್ತಕಗಳೊಳಗೆ ಯಾರು ಪಾತ್ರೆ ತೊಳೀತಿದ್ದಾರೆ ಅಂತ ನಿಮ್ಮವರು ಕೇಳಿದರು" ಅಂದರು. 'ನಿಮ್ಮವರು' ಅಂದಿದ್ದು ನನಗೆ ತುಂಬ ಹಿಡಿಸಿತು.

ಆಮೇಲೆ ಶೋನ್ಸ್‌ಬರ್ಗ್ ಅವರ ಪುಸ್ತಕಗಳು ಬಂದವು. ತೆಳ್ಳನೆಯವು, ಸಾದಾ ರಟ್ಟು, ಚಿತ್ರಗಿತ್ರ ಏನಿಲ್ಲ. ಒಂದು 1974ರದ್ದು, ಹೆಂಗಸರ ಹಕ್ಕಿನ ಬಗ್ಗೆ ನಾರ್ವೆಯಲ್ಲಿ ನಡೆದ ವಾದವಿವಾದಗಳ ಸಂಗ್ರಹ, ಇವರು ಸಂಪಾದಿಸಿದ್ದು. ಅದರ ಹೆಸರಿನಲ್ಲೇ ಒಂದು ಚೇಷ್ಟೆ ಇದೆ. 'ಮೂರು ತಲೆಮಾರಿನ ಚರ್ಚೆ' ಅಂತ ಹೇಳಬೇಕು. ನಾರ್ವೆಯಲ್ಲಿ ತಲೆಮಾರಿಗೆ 'ಮನ್ಸಾಲ್ದೆರ್' ಅನ್ನುತ್ತಾರೆ. ಬಿಡಿಸಿದರೆ 'ಗಂಡಸಿನ ಆಯಸ್ಸು'. ಆ ಪದವನ್ನು ಕೊಟೇಶನ್ ಗುರುತಿನೊಳಗೆ ಹಾಕಿಬಿಟ್ಟಿದ್ದಾರೆ. ಇನ್ನೇನೂ ಹೇಳಿಲ್ಲ, ಎರಡು ಪುಟ್ಟ ಗೆರೆ ಅಷ್ಟೇ. ನಾನು ಆ ಹೊದಿಕೆಯನ್ನೇ ನೋಡುತ್ತಾ ಕೂತೆ. ನಮ್ಮಲ್ಲಿ 'ತಲೆಮಾರು' ಅನ್ನುತ್ತೇವೆ, ತಲೆಗೆ ಗಂಡು ಹೆಣ್ಣು ಇಲ್ಲ, ಬಚಾವಾದೆವು ಅಂದುಕೊಳ್ಳುವಷ್ಟರಲ್ಲಿ 'ಪೂರ್ವಪುರುಷರು' ನೆನಪಾದರು.

ಇನ್ನೊಂದು 1979ರದ್ದು, 'ಹೇಳುವವರು ಯಾರು?' ಅನ್ನುವ ಹೆಸರು. ದೊಡ್ಡ ಕೃತಿಗಳನ್ನು ಮಕ್ಕಳಿಗಾಗಿ ಅಳವಡಿಸುವುದರ ಬಗ್ಗೆ. ನಮ್ಮ ಶಾಲೆಯ ಕಪಾಟಿನಲ್ಲಿ ಅರ್ಧದಷ್ಟು ಅಂಥವೇ ಸಂಕ್ಷಿಪ್ತ ಪುಸ್ತಕಗಳು. ಯಾರು ಏನನ್ನು ಬಿಟ್ಟರು, ಯಾಕೆ ಬಿಟ್ಟರು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಭಾಷೆ ಗೊತ್ತಿಲ್ಲದೆ ಓದಿದ್ದು ಹೇಗೆ ಅಂತೀರಾ? ಮೊಬೈಲಿನ ಕ್ಯಾಮೆರಾ ಹಿಡಿದರೆ ಇಂಗ್ಲಿಷ್ ಬರುತ್ತದೆ, ಅರ್ಧಂಬರ್ಧ. ಅದಕ್ಕಿಂತ ಒಳ್ಳೆಯ ದಾರಿ ಆ ಲೈಬ್ರರಿಯನ್ ತೋರಿಸಿದರು. ರಾಷ್ಟ್ರೀಯ ಗ್ರಂಥಾಲಯ ನಾರ್ವೆಯ ಹಳೆಯ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟಿದೆ. ಕಾಪಿರೈಟ್ ಇರುವವನ್ನೂ ಪುಕ್ಕಟೆ ಓದಬಹುದು. ಒಂದೇ ಷರತ್ತು, ನೀವು ನಾರ್ವೆಯ ಗಡಿಯೊಳಗೆ ಇರಬೇಕು. ಹೊರಗೆ ಕಾಲಿಟ್ಟರೆ ಅವುಗಳ ಬಾಗಿಲು ಬಂದ್. ಹೋಗುವವರು ನೆನಪಿಟ್ಟುಕೊಳ್ಳಿ, ಓದಬೇಕಾದ್ದನ್ನು ಅಲ್ಲೇ ಓದಿ ಮುಗಿಸಿ.

ಇಷ್ಟು ಹೊತ್ತು ಪುಟ್ಟಿ ಚಿತ್ರಪುಸ್ತಕಗಳ ಗುಡ್ಡೆಯ ನಡುವೆ ಕೂತಿದ್ದಳು. ಮೂರು ಹೋತಗಳು ಸೇತುವೆ ದಾಟುವ ಕಥೆ ಅವಳಿಗೆ ಮೊದಲೇ ಗೊತ್ತು. "ಅಮ್ಮ, ಮೂರೂ ಗಂಡು ಹೋತ, ಕೆಳಗಿರೋ ರಾಕ್ಷಸನೂ ಗಂಡು. 4–0." ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಲೈಬ್ರರಿಯನ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. "ಹಾಗಾದರೆ ಇದನ್ನು ಎಣಿಸು" ಅಂತ ಇನ್ನೊಂದು ಜಾನಪದ ಕಥೆ ಹೇಳಿದರು.

ಒಬ್ಬ ಗಂಡನಿಗೆ ಹೆಂಡತಿ ಮನೆಯಲ್ಲಿ ಏನೂ ಕೆಲಸ ಮಾಡಲ್ಲ ಅಂತ ಸಿಟ್ಟು. ಸರಿ, ನಾಳೆ ನಾನು ಹುಲ್ಲು ಕೊಯ್ಯೋಕೆ ಹೋಗ್ತೀನಿ, ನೀನು ಮನೆ ನೋಡ್ಕೋ ಅಂದಳು ಅವಳು. ಇವನು ಬೆಣ್ಣೆ ಕಡೆಯೋಕೆ ಕೂತ, ಹಂದಿ ಬಂದು ಕೆನೆ ಚೆಲ್ಲಿತು. ಪೀಪಾಯಿಯ ಬಿಯರೆಲ್ಲ ನೆಲಕ್ಕೆ ಹರಿಯಿತು. ಹಸುವನ್ನು ಮೇಯಿಸೋಕೆ ಹೊತ್ತಿಲ್ಲ ಅಂತ ಹುಲ್ಲು ಬೆಳೆದಿದ್ದ ಮನೆಯ ಮಾಡಿನ ಮೇಲೇ ಹತ್ತಿಸಿದ. ಬೀಳದಿರಲಿ ಅಂತ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಹೊಗೆಗೂಡಿನೊಳಗೆ ಇಳಿಬಿಟ್ಟು ತನ್ನ ಕಾಲಿಗೇ ಕಟ್ಟಿಕೊಂಡ. ಹಸು ಜಾರಿತು. ಅದು ಹೊರಗೆ ನೇತಾಡಿತು, ಇವನು ಹೊಗೆಗೂಡಿನಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡ. ಹೆಂಡತಿ ಬಂದು ಹಗ್ಗ ಕೊಯ್ದಳು. ಗಂಡ ಕೆಳಗೆ ಬಿದ್ದು ಗಂಜಿ ಪಾತ್ರೆಯಲ್ಲಿ ತಲೆಕೆಳಗಾಗಿ ನಿಂತ.

ಪುಟ್ಟಿ ನಗು ನಿಂತ ಮೇಲೆ ನೋಟ್‌ಬುಕ್ ತೆರೆದಳು. ಎಡಕ್ಕೆ ಒಂದು, ಬಲಕ್ಕೆ ಒಂದು. ಆಮೇಲೆ ಪೆನ್ಸಿಲ್ ಎತ್ತಿ, "ಹಸು ಹೆಣ್ಣಲ್ವಾ? ಅದನ್ನೂ ಎಣಿಸಬೇಕಾ?" ಅಂದಳು.

ನಾನು ಲೈಬ್ರರಿಯನ್ ಮುಖ ನೋಡಿದೆ. ಅವರು ಕನ್ನಡಕ ತೆಗೆದರು. ಪ್ರಾಣಿಗಳ ವಿಷಯ ಬಹಳ ತೊಡಕಿನದು ಅಂದರು. ಚಿತ್ರದಲ್ಲಿ ಪ್ಯಾಂಟು ಹಾಕಿದ ಇಲಿ ಇದ್ದರೆ ಓದುವವರೆಲ್ಲ 'ಅವನು' ಅನ್ನುತ್ತಾರೆ, ಲಂಗ ಹಾಕಿದರೆ ಮಾತ್ರ 'ಅವಳು', ಏನೂ ಹಾಕದಿದ್ದರೂ 'ಅವನು'. ಹಸುವನ್ನು ಎಣಿಸಬೇಕೋ ಬೇಡವೋ ಅಂತ ಮಾತ್ರ ಹೇಳಲಿಲ್ಲ.

ಸಂಜೆ ಬೇಕರಿಯಲ್ಲಿ ಏಲಕ್ಕಿ ಬನ್ ತಿಂದೆವು. ಇಲ್ಲಿಯವರ ಸಿಹಿ ಬನ್ನಿಗೆ ಏಲಕ್ಕಿ ಇರಲೇಬೇಕು. ಕಚ್ಚಿದ ಕೂಡಲೇ ನಮ್ಮಜ್ಜಿ ಮನೆಯ ಅಡಿಗೆ ಕೋಣೆ. ಮಾರುತ್ತಿದ್ದ ಹುಡುಗಿಗೆ ಇದು ನಮ್ಮ ಸಕಲೇಶಪುರದ ಕಡೆ ಬೆಳೆಯುತ್ತೆ ಅಂದೆ. ಅವಳು ಒಳಗೆ ಹೋಗಿ ಡಬ್ಬಿ ತಂದು ತಿರುಗಿಸಿ ನೋಡಿದಳು. ಗ್ವಾಟೆಮಾಲಾ ಅಂತ ಬರೆದಿತ್ತು. ಇಬ್ಬರಿಗೂ ಸ್ವಲ್ಪ ಬೇಜಾರಾಯಿತು.

ಜೂನ್ 11, ಬುಧವಾರ: 2114ರ ಪುಸ್ತಕ

ಬಂದರಿನ ಪಕ್ಕದ ಡೈಕ್‌ಮನ್ ಲೈಬ್ರರಿಗೆ ಹೋದೆವು. 2020ರಲ್ಲಿ ತೆರೆದ ಹೊಸ ಕಟ್ಟಡ, ಐದು ಮಹಡಿ. ಮಕ್ಕಳು ಓಡುತ್ತಾರೆ, ಕೂಗುತ್ತಾರೆ, ಹೊಲಿಗೆ ಮಿಷನ್ನು ಬೇಕಾದರೆ ಅದೂ ಇದೆ. ಶ್ ಅನ್ನುವವರೇ ಇಲ್ಲ. ಮಳೆ ಬಂದ ದಿನ, ಕೈಯಲ್ಲಿ ದುಡ್ಡು ಕರಗಿದ ದಿನ ಇಡೀ ದಿನ ಕಳೆಯಲು ಓಸ್ಲೋದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗಲ್ಲ. ಬುತ್ತಿ ಜೊತೆಗಿರಲಿ.

ಮೇಲಿನ ಮಹಡಿಯಲ್ಲಿ ಮರದ ಒಂದು ಪುಟ್ಟ ಕೋಣೆ ಇದೆ. 2014ರಲ್ಲಿ ಶುರುವಾದ ಒಂದು ಯೋಜನೆಗಾಗಿ ವರ್ಷಕ್ಕೊಬ್ಬ ಲೇಖಕರ ಹಸ್ತಪ್ರತಿ ಪಡೆದು ಅಲ್ಲಿ ಬೀಗ ಹಾಕಿಡುತ್ತಾರೆ. ಊರ ಹೊರಗಿನ ಕಾಡಿನಲ್ಲಿ ಅದಕ್ಕಾಗಿ 1000 ಸಸಿ ನೆಟ್ಟಿದ್ದಾರೆ. 2114ರಲ್ಲಿ ಆ ಮರಗಳಿಂದ ಕಾಗದ ಮಾಡಿ ಪುಸ್ತಕ ಅಚ್ಚು ಹಾಕುತ್ತಾರಂತೆ. ಪುಟ್ಟಿ ಹುಟ್ಟಿದ್ದು 2014. "ಆಗ ನಂಗೆ 100. ಬಂದು ಓದ್ತೀನಿ" ಅಂದಳು. ನೀನು ಬರಲ್ಲ ಅಲ್ವಾ ಅಂತ ನನ್ನ ಮುಖ ನೋಡಿದಳು. ಬನ್ ತಿಂತೀಯಾ ಅಂತ ಕೇಳಿ ಮಾತು ಮರೆಸಿದೆ.

ವಾಪಸ್ ಬರುವಾಗ ಪಾರ್ಲಿಮೆಂಟಿನ ಮುಂದೆ ನಡೆದೆವು. 1913ರ ಇದೇ ಜೂನ್ 11ರಂದು ಅದರೊಳಗೆ ಎಲ್ಲ ಹೆಂಗಸರಿಗೂ ವೋಟಿನ ಹಕ್ಕು ಕೊಡುವ ತೀರ್ಮಾನ ಆಗಿದ್ದು, ಅದೂ ಒಂದೂ ವಿರೋಧ ಇಲ್ಲದೆ. ಮೆಟ್ಟಿಲ ಮೇಲೆ ಹುಡುಗಿಯರು ಐಸ್‌ಕ್ರೀಂ ತಿನ್ನುತ್ತಾ ಕೂತಿದ್ದರು. ಬೇರೇನೂ ವಿಶೇಷ ಕಾಣಲಿಲ್ಲ. ನಾವೂ ಐಸ್‌ಕ್ರೀಂ ತಿಂದೆವು.

ಜೂನ್ 12, ಗುರುವಾರ: 112

ವಿಮಾನ ರಾತ್ರಿಗಿತ್ತು. ಏರ್‌ಪೋರ್ಟಿನ ಲಾಕರಿನಲ್ಲಿ ಸೂಟ್‌ಕೇಸ್ ಇಟ್ಟು, ಅದೇ ರೈಲು ಮಾರ್ಗದಲ್ಲಿ ಮುಂದಿನ ಸ್ಟೇಷನ್ ಆಯ್ಡ್ಸ್‌ವೊಲ್ ವೆರ್ಕ್‌ಗೆ ಹೋದೆವು. ವಿಮಾನಕ್ಕೆ ಅರ್ಧ ದಿನ ಕಾಯಬೇಕಾದವರಿಗೆ ಇದು ಒಳ್ಳೆಯ ಉಪಾಯ. ಸ್ಟೇಷನ್ನಿನಿಂದ ಅರ್ಧ ಗಂಟೆಯೊಳಗಿನ ನಡಿಗೆ. ದಾರಿಯ ಪಕ್ಕ ನೇರಳೆ ಬಣ್ಣದ ಲುಪಿನ್ ಹೂ, ಆಚೆ ಹಸಿರು ಹೊಲ.

ಅಲ್ಲಿರುವುದು ಕಬ್ಬಿಣದ ಕಾರ್ಖಾನೆಯ ಯಜಮಾನನೊಬ್ಬನ ಬಿಳಿ ಬಂಗಲೆ. 1814ರ ಏಪ್ರಿಲ್ 10ರಿಂದ ಮೇ 20ರವರೆಗೆ 112 ಜನ ಇಲ್ಲಿ ಕೂತು ನಾರ್ವೆಯ ಸಂವಿಧಾನ ಬರೆದರು. ಬೆನ್ನಿಗೆ ಆಧಾರವಿಲ್ಲದ ಉದ್ದ ಬೆಂಚುಗಳು. ಕಮಿಲ್ಲಾಳ ಅಪ್ಪನೂ ಆ 112ರಲ್ಲಿ ಒಬ್ಬ. ಆಗ ಅವಳು ಒಂದು ವರ್ಷದ ಕೂಸು. ಆಮೇಲೆ ಅಪ್ಪ ಇದೇ ಊರಿನ ಪಾದ್ರಿಯಾಗಿ ಬಂದ, ಅವಳು ಬೆಳೆದಿದ್ದು ಇಲ್ಲೇ.

ಪುಟ್ಟಿ ಎಡಗಡೆ 112 ಅಂತ ಬರೆದಳು. ಬಲಗಡೆ ಸೊನ್ನೆ ಬರೆಯಲು ಹೋಗಿ ನಿಲ್ಲಿಸಿದಳು. ನೆಲಮಾಳಿಗೆಯ ಅಡುಗೆಮನೆ ನೋಡಿಕೊಂಡು ಬಂದಿದ್ದೆವು. ದೊಡ್ಡ ಒಲೆ, ತಾಮ್ರದ ಪಾತ್ರೆಗಳು. "ಇಷ್ಟು ಜನಕ್ಕೆ ಆರು ವಾರ ಅಡುಗೆ ಮಾಡಿದ್ದು ಯಾರು?" ಅಂತ ಅಲ್ಲಿದ್ದ ಗೈಡ್ ಹುಡುಗಿಯನ್ನೇ ಕೇಳಿದಳು. ಮೇಲೆ ಕೂತವರ ಹೆಸರು ಅವಳಿಗೆ ಬಾಯಿಪಾಠ ಇತ್ತು. ಕೆಳಗಿನವರದ್ದು ಕೇಳಿದಾಗ, "ಒಳ್ಳೆ ಪ್ರಶ್ನೆ" ಅಂತ ನಕ್ಕಳು. ಬಲಗಡೆ ಪುಟ್ಟಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಏರ್‌ಪೋರ್ಟಿಗೆ ಬಂದು ಗೇಟಿನ ಹತ್ತಿರ ಕೂತು ಅಲ್ಲಿಯ ವೈಫೈನಲ್ಲಿ ಶೋನ್ಸ್‌ಬರ್ಗ್ ಪುಸ್ತಕ ತೆರೆದೆ. ಪುಟ ಬಂತು. ಬೋರ್ಡಿಂಗ್ ಕರೆಯುವವರೆಗೂ ಓದಿದೆ, ಇನ್ನೂ ಅರ್ಧ ಉಳಿಯಿತು. ಬೆಂಗಳೂರಿಗೆ ಬಂದು ಮಾರನೇ ದಿನ ತೆರೆದರೆ ಪುಸ್ತಕದ ಹೆಸರು ಕಾಣುತ್ತದೆ, ಒಳಗಿನ ಪುಟ ಬರುವುದಿಲ್ಲ. ತಮ್ಮನಿಗೆ ಫೋನ್ ಮಾಡಿ ಬೇಕಾದ ಪುಟದ ನಂಬರ್ ಹೇಳುತ್ತೇನೆ, ಅವನು ಪಾಪುವನ್ನು ಮಲಗಿಸಿ ಓದಿ ಹೇಳುತ್ತಾನೆ.

ಆ ಭಾನುವಾರ ಪುಟ್ಟಿ ತನ್ನ ಒಂದನೇ ಕ್ಲಾಸಿನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದಳು. ಯಾವುದೋ ಒಂದರಲ್ಲಿ 'ನಮ್ಮ ಮನೆ' ಅನ್ನುವ ಚಿತ್ರ. ಅಪ್ಪ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದಾನೆ, ಅಣ್ಣ ಚೆಂಡು ಹಿಡಿದಿದ್ದಾನೆ, ಅಮ್ಮ ಒಲೆಯ ಮುಂದೆ, ತಂಗಿ ನೀರಿನ ಬಿಂದಿಗೆ ಹಿಡಿದು ನಿಂತಿದ್ದಾಳೆ. ಹಿತ್ತಲಿನಲ್ಲಿ ಹಸು. ನಾನು ಒಗ್ಗರಣೆ ಹಾಕುತ್ತಿದ್ದೆ. ಪುಟ್ಟಿ ನಡುಮನೆಯಿಂದಲೇ ಕೂಗಿದಳು.

"ಅಮ್ಮಾ, 2–2. ಹಸು ಸೇರಿಸಿದ್ರೆ ನಾವು ಗೆದ್ವಿ!"